ಯಂತ್ರದೊಳಗಿನ ಬೀಗರು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಶಾಲೆಯವರೂ ಹೇಳುತ್ತಾರೆ. ಇಲ್ಲ ಎನ್ನುವುದಿಲ್ಲ. ಯಾರಾದರೂ ನನ್ನ ಮುಂದೆ ‘ಅದು ಆಗೋದಲ್ಲ ಬಿಡ್ರಿ’ ಎಂದರೆ ಸಾಕು, ಆ ಕೆಲಸ ನನ್ನದೋ ಅಲ್ಲವೋ ನೋಡದೆ ಅದರ ಬೆನ್ನು ಹತ್ತಿಬಿಡುತ್ತೇನೆ. ಈ ಗುಣದಿಂದ ಪಟ್ಟ ಪಾಡು ಬಹಳ. ಒಂದು ಸಲ ಮಾತ್ರ ಅದು ಒಬ್ಬ ಹೆಣ್ಣುಮಗಳ ಉಪಯೋಗಕ್ಕೆ ಬಂತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನಾಗ ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆ. ಮನೆ ಬೀದರಿನಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಸಂಜೆ ಅದೇ ಧೂಳಿನಲ್ಲಿ ಮರಳುತ್ತಿದ್ದೆ. ಮಳೆ ಕೈಕೊಟ್ಟು ಅದು ಎರಡನೆಯ ವರ್ಷ. ಟ್ಯಾಂಕರ್ ಬಂದರೆ ನೀರು, ಬಾರದಿದ್ದರೆ ಇಲ್ಲ. ಶಾಲೆಯಲ್ಲಿ ಹಿಂದಿನ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ದೀಪಾವಳಿ ಮುಗಿದ ಮೇಲೆ ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ಗುಳೆ ಹೋಗುವವರು ಮಕ್ಕಳ ಟಿ.ಸಿ. ಕೇಳಿಕೊಂಡು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಬರೆದು ಬರೆದು ಕೈ ನೋಯುತ್ತಿತ್ತು.

ಅಂಥ ಒಂದು ಸೋಮವಾರ ಮೂವತ್ತು ದಾಟಿದ ಒಬ್ಬ ಹೆಣ್ಣುಮಗಳು ಬಂದಳು. ಔರಾದ ತಾಲೂಕಿನ ಚಿಂತಾಕಿಯವಳು. ಹುಡುಗಿಯಾಗಿದ್ದಾಗ ಭಾಲ್ಕಿಯ ಹಾಸ್ಟೆಲಿನಲ್ಲಿದ್ದು ನಮ್ಮ ಶಾಲೆಯಲ್ಲೇ ಓದಿದವಳು. ಕೊಟ್ಟದ್ದು ಜನವಾಡಕ್ಕೆ. ಗಂಡ ಬೀದರ ಪಕ್ಕದ ಕೊಳಾರದ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ, ಅಲ್ಲಿ ಮಾಲು ಬರುವುದು ನಿಂತು ಕೆಲಸ ಹೋಗಿತ್ತು. ಅವನೂ ಅವನ ಅಣ್ಣತಮ್ಮಂದಿರೂ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೊರಟಿದ್ದರು. ಇವಳಿಗೆ ಹೋಗಲು ಮನಸ್ಸಿರಲಿಲ್ಲ. ಸರಕಾರಿ ಹಾಸ್ಟೆಲುಗಳಲ್ಲಿ ಅಡುಗೆಯವರ ಹುದ್ದೆ ಕರೆದಿದ್ದರು. ಅರ್ಜಿ ಹಾಕಬೇಕೆಂದರೆ ಈ ಭಾಗದಲ್ಲೇ ಓದಿದವಳೆಂದು ತಹಸೀಲ್ ಕಚೇರಿಯ ಪ್ರಮಾಣಪತ್ರ ಬೇಕು, ಆ ಪ್ರಮಾಣಪತ್ರಕ್ಕೆ ನಮ್ಮ ಶಾಲೆಯ ವ್ಯಾಸಂಗ ಪತ್ರ ಬೇಕು.

“ಎಂಟು ದಿನ ಉಳದಾವ್ರಿ ಅಕ್ಕೋರ,” ಎಂದಳು. “ಇದು ಸಿಕ್ರ ನಾನೂ ನನ್ನ ಮಗಳೂ ಇಲ್ಲೇ ಉಳೀತೇವಿ. ಸಿಗಲಿಲ್ಲಂದ್ರ ಅಕಿನ ಸಾಲಿ ಬಿಡಿಸಿ ಅವರ ಸಂಗಟ ಹೋಗಬೇಕು. ಈಗ ಆರನೇತ್ತ ಅದಾಳ.”

ಅವಳ ಕಾಲದ ದಾಖಲಾತಿ ಪುಸ್ತಕ ತೆಗೆಯಲು ನಾನು ಒಳಗೆ ಹೋದೆ. ಕಪಾಟಿನ ಕೆಳಗಿನ ಖಾನೆಯಲ್ಲಿ ಮೂರು ದಪ್ಪ ಪುಸ್ತಕಗಳು ನೆಟ್ಟಗೆ ನಿಂತಿದ್ದವು. ಕೈ ಹಚ್ಚಿದೊಡನೆ ಮಧ್ಯದ ಹಾಳೆಗಳು ಮಣ್ಣಾಗಿ ಉದುರಿದವು. ನಾವು ವರಲಿ ಎನ್ನುವ ಗೆದ್ದಲು ಮೇಲಿನ ರಟ್ಟನ್ನು ಮುಟ್ಟದೆ ಒಳಗಿನ ಹೆಸರುಗಳನ್ನೆಲ್ಲ ತಿಂದಿತ್ತು. ಪ್ರತಿ ಜೂನಿನಲ್ಲಿ ಕಪಾಟು ಒರೆಸಿ, ಹೊರಗಿನಿಂದ ನೋಡಿ, ಎಲ್ಲ ಸರಿಯಿದೆ ಎಂದು ಸಹಿ ಮಾಡುತ್ತಿದ್ದವಳು ನಾನೇ.

ಹೆಡ್ ಮಾಸ್ತರರು ಒಳ್ಳೆಯವರು, ಆದರೆ ಕಾಗದಕ್ಕೆ ಅಂಜುವ ಮನುಷ್ಯ. ನಿವೃತ್ತಿ ಹತ್ತಿರವಿದ್ದುದರಿಂದ ಆ ಅಂಜಿಕೆ ಇನ್ನಷ್ಟು ಹೆಚ್ಚಿತ್ತು. “ಅಕಿ ಇಲ್ಲೇ ಓದ್ಯಾಳ, ನನಗ ಮಾರಿ ನೆನಪದ,” ಎಂದರು. “ಆದ್ರ ದಾಖಲೆ ಕಣ್ಣಿಲೆ ನೋಡ್ದೆ ಸಹಿ ಮಾಡಲ್ಲ. ಆಗೋದಲ್ಲ ಬಿಡ್ರಿ ಇದು.”

ಆ ಮಾತನ್ನು ಅವರು ಆಡಬಾರದಿತ್ತು.

ನನಗಿಂತ ಮುಂಚೆ ಇದ್ದ ಗುಮಾಸ್ತರು ಉದಗೀರ ಕಡೆಯವರು, ಈಗ ಇಲ್ಲ. ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ ಅವರು ಯಾರೂ ಹೇಳದೆಯೇ ಹಳೆಯ ದಾಖಲಾತಿ ಪುಸ್ತಕಗಳನ್ನೆಲ್ಲ ಒಂದು ಪ್ರೋಗ್ರಾಮಿನಲ್ಲಿ ಕೂತು ಟೈಪು ಮಾಡಿದ್ದರಂತೆ. ಪುಸ್ತಕ ಇರುವಾಗ ಈ ಮನುಷ್ಯನಿಗೆ ಯಾಕೆ ಬೇಕು ಈ ಉಸಾಬರಿ ಎಂದು ಎಲ್ಲರೂ ನಕ್ಕಿದ್ದರಂತೆ. ಆ ಕಂಪ್ಯೂಟರ್ ನಾನು ಬರುವ ಹೊತ್ತಿಗೇ ಸತ್ತು, ಮೂಲೆಯಲ್ಲಿ ಚಾಕ್‌ಪೀಸು ಡಬ್ಬಿಗಳನ್ನು ಹೊತ್ತು ನಿಂತಿತ್ತು. ಮರುದಿನ ಅದನ್ನು ಹಳೆಯ ಚಾದರದಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬೀದರಿಗೆ ಒಯ್ದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದ. ಅವನೊಂದಿಗೆ ಮನ್ನಳ್ಳಿ ರಸ್ತೆಯ ತಿರುವಿನ ತನಕ ಜಗಳವಾಡಿದೆ.

ಚೌಬಾರಾದ ಹತ್ತಿರದ ಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಭಾಯಿಯ ಅಂಗಡಿ. ಅವನು ಡಬ್ಬಿ ಬಿಚ್ಚಿ, ಊದಿ, ಬ್ರಶ್ಶಿನಿಂದ ಒರೆಸಿ, ಹಾರ್ಡ್ ಡಿಸ್ಕನ್ನು ಕಿತ್ತು ಬೇರೆ ತಂತಿಗೆ ಜೋಡಿಸಿದ. ಅದು ಗುರ್ರೆಂದು ತಿರುಗಿತು.

“ಬೆಹನ್, ಡಬ್ಬಾ ಖತಂ ಆಗ್ಯದ,” ಎಂದ. “ಒಳಗಿನ ಮಾಲು ಚಂದ ಅದ. ಎಲ್ಲಾ ಪೆನ್‌ಡ್ರೈವಿಗೆ ಹಾಕಿ ಕೊಡ್ತೀನಿ ತಗೊಳ್ರಿ.”

ಪೆನ್‌ಡ್ರೈವನ್ನು ಪರ್ಸಿನ ಒಳಜೇಬಿನಲ್ಲಿಟ್ಟುಕೊಂಡು ಗೆದ್ದೆ ಎಂದುಕೊಂಡೇ ಬುಧವಾರ ಶಾಲೆಗೆ ಹೋದೆ. ಹೊಸ ಕಂಪ್ಯೂಟರಿಗೆ ಅದನ್ನು ಚುಚ್ಚಿ ಪ್ರೋಗ್ರಾಮಿನ ಮೇಲೆ ಒತ್ತಿದರೆ ಒಂದು ಸಣ್ಣ ಪೆಟ್ಟಿಗೆ ಎದ್ದು ಬಂತು. ಈ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎಂದು ಬರೆದಿತ್ತು. ಭಾಯಿಗೆ ಫೋನು ಹಚ್ಚಿದೆ. ಅದು ಹಳೆಯ ಕಾಲದ ಪ್ರೋಗ್ರಾಂ, ಹಳೆಯ ವಿಂಡೋಸ್ ಇದ್ದರೆ ಮಾತ್ರ ನಡೆಯುತ್ತದೆ, ನಿಮ್ಮ ಹೊಸದಕ್ಕೆ ಅದರ ಭಾಷೆಯೇ ತಿಳಿಯುವುದಿಲ್ಲ ಎಂದ. ಹಾಗಾದರೆ ಹೊಸದನ್ನು ಅಳಿಸಿ ಹಳೆಯದನ್ನು ಹಾಕಲೇ ಎಂದು ಕೇಳಿದೆ. ಹೊಸದರಲ್ಲಿ ಶಾಲೆಯ ಸಂಬಳದ ಬಿಲ್ಲು, ಪರೀಕ್ಷೆಯ ಅರ್ಜಿ ಎಲ್ಲ ಇದ್ದವು.

“ಅಳಿಸಬ್ಯಾಡ್ರಿ. ವರ್ಚುವಲ್ ಮಶೀನ್ ಮಾಡ್ರಿ. ಕಂಪ್ಯೂಟರಿನ ಹೊಟ್ಟ್ಯಾಗ ಇನ್ನೊಂದು ಕಂಪ್ಯೂಟರ್.”

ಆ ಸಂಜೆ ಬಸ್ಸಿನಲ್ಲಿ ಮೊಬೈಲು ಹಿಡಿದು ಓದತೊಡಗಿದೆ. ಅರ್ಥವಾದದ್ದು ಇಷ್ಟು. ಒಂದು ತಂತ್ರಾಂಶವನ್ನು ಹಾಕಿಕೊಂಡರೆ ಅದು ನಮ್ಮ ಕಂಪ್ಯೂಟರಿನ ಜಾಗದಲ್ಲಿ, ಮೆಮೊರಿ ಎನ್ನುವ ಅದರ ನೆನಪಿನಲ್ಲಿ ಒಂದಿಷ್ಟನ್ನು ಬೇರೆ ತೆಗೆದು, ಅಲ್ಲಿ ಇನ್ನೊಂದು ಕಂಪ್ಯೂಟರ್ ಇದೆ ಎಂದು ನಂಬಿಸುತ್ತದೆ. ಡಬ್ಬಿ ಇಲ್ಲ, ತಂತಿ ಇಲ್ಲ, ಪರದೆಯ ಮೇಲೆ ಒಂದು ಚೌಕ ಅಷ್ಟೆ. ಆ ಚೌಕದಲ್ಲಿ ಹಳೆಯ ವಿಂಡೋಸ್ ಹಾಕಿದರೆ, ತನ್ನನ್ನು ಎಲ್ಲಿ ಕೂರಿಸಿದ್ದಾರೆ ಎಂಬ ಪರಿವೆಯಿಲ್ಲದೆ ಅದು ತನ್ನ ಪಾಡಿಗೆ ನಡೆಯುತ್ತದೆ. ಹೊಸದಕ್ಕೆ ಏನೂ ಆಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ಬಹಳ ಖುಷಿಯಾಯಿತು, ಇಳಿಯುವ ಸ್ಟಾಪು ದಾಟಿ ಮುಂದೆ ಹೋದೆ.

ಆದರೆ ಅಂಥ ತಂತ್ರಾಂಶ ಒಂದಲ್ಲ, ಹಲವು. ಯಾವುದು ಎಂಬುದೇ ಮುಂದಿನ ತಲೆನೋವಾಯಿತು.

ಮೊದಲನೆಯದನ್ನು ಭಾಯಿಯೇ ಕೊಟ್ಟ. ದೊಡ್ಡ ದೊಡ್ಡ ಆಫೀಸುಗಳಲ್ಲಿ ಬಳಸುವಂಥದು, ಎಲ್ಲರೂ ಹೊಗಳುವಂಥದು. ಮೂವತ್ತು ದಿನ ಪುಕ್ಕಟೆ, ಆಮೇಲೆ ಕೊಂಡುಕೊಳ್ಳಬೇಕು. ಹೆಡ್ ಮಾಸ್ತರರು, “ಮೂವತ್ತು ದಿನ ಸಾಕಲ್ರಿ, ನಮ್ಮ ಕೆಲಸ ಒಂದ ದಿನದ್ದು,” ಎಂದರು. ಅವರ ಲೆಕ್ಕ ಸರಿಯೇ ಇತ್ತು. ನನಗೆ ಮಾತ್ರ ಕಣ್ಣೆದುರು ಆ ಮೂರು ಪುಸ್ತಕಗಳೇ ನಿಂತಿದ್ದವು. ಅವುಗಳಲ್ಲಿ ಇವಳೊಬ್ಬಳೇ ಇರಲಿಲ್ಲ. ಇಂದು ಇವಳು ಬಂದಿದ್ದಾಳೆ, ಮುಂದಿನ ವರ್ಷ ಇನ್ನೊಬ್ಬರು ಬರುತ್ತಾರೆ, ಆಗ ಬಾಗಿಲು ಹಾಕಿಕೊಂಡು ದುಡ್ಡು ಕೇಳುವ ಪೆಟ್ಟಿಗೆಯಲ್ಲಿ ಅವರ ಹೆಸರುಗಳನ್ನು ಯಾಕೆ ಇಡಲಿ? ಅದನ್ನು ಬಿಟ್ಟೆ. ಎಂಟರಲ್ಲಿ ಮೂರು ದಿನ ಕಳೆದಾಗಲೇ ನಾನು ಈ ಹಟ ಹಿಡಿದೆನೆಂದು ಈಗ ನೆನೆದರೆ ಅಂಜಿಕೆಯಾಗುತ್ತದೆ. ಪಣಕ್ಕಿಟ್ಟದ್ದು ನನ್ನದಲ್ಲ, ಅವಳದು.

ಎರಡನೆಯದು ನಮ್ಮ ವಿಂಡೋಸಿನೊಳಗೇ ಇದೆ ಎಂದು ಓದಿದೆ. ಮನೆಯಲ್ಲೇ ಇರುವುದನ್ನು ಹೊರಗೇಕೆ ಹುಡುಕಲಿ ಎಂದು ಗುರುವಾರ ಕರೆಂಟು ಇದ್ದಷ್ಟು ಹೊತ್ತೂ ಅದರ ಗುಂಡಿಗಾಗಿ ತಡಕಾಡಿದೆ. ಕರೆಂಟು ಇರುತ್ತಿದ್ದುದೇ ಹತ್ತರಿಂದ ಒಂದರ ತನಕ. ಒಂದಕ್ಕೆ ಹತ್ತು ನಿಮಿಷ ಇರುವಾಗ ತಿಳಿಯಿತು, ಆ ಸೌಲಭ್ಯ ಮೇಲ್ದರ್ಜೆಯ ವಿಂಡೋಸಿಗೆ ಮಾತ್ರ. ನಮ್ಮದು ಮನೆಬಳಕೆಯ ಕೆಳದರ್ಜೆಯದು. ಇಲ್ಲದ ಗುಂಡಿಯನ್ನು ಮೂರು ತಾಸು ಹುಡುಕಿದ್ದೆ. ಮೇಜಿನ ಮೇಲಿದ್ದ ರಬ್ಬರ್ ಸ್ಟ್ಯಾಂಪನ್ನು ಎತ್ತಿ ಒಗೆದೆ, ಆಮೇಲೆ ನಾನೇ ಹೋಗಿ ಎತ್ತಿಕೊಂಡು ಬಂದೆ.

ಮೂರನೆಯದು ಪೂರ್ತಿ ಉಚಿತ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಎಷ್ಟು ವರ್ಷ ಬೇಕಾದರೂ ಇಟ್ಟುಕೊಳ್ಳಬಹುದು, ಒಳಗೆ ಹೇಗೆ ಬರೆದಿದ್ದಾರೆ ಎಂದು ತಿಳಿದವರು ತೆಗೆದು ನೋಡಲೂಬಹುದು. ಬಿಟ್ಟಿ ಎಂದರೆ ನನಗೆ ಮೊದಲಿನಿಂದಲೂ ಸಂಶಯ. ಆದರೆ ಅದನ್ನು ಬಳಸಿದವರು ಬರೆದದ್ದನ್ನು ಓದುತ್ತ ಹೋದಂತೆ ಅದು ನಮ್ಮಂಥ ಸಣ್ಣ ಯಂತ್ರಕ್ಕೂ ಆಗಿಬರುತ್ತದೆ, ಬಹಳ ಹಳೆಯ ವಿಂಡೋಸನ್ನೂ ಬೇಡ ಎನ್ನುವುದಿಲ್ಲ ಎಂದು ಖಾತ್ರಿಯಾಯಿತು. ಶುಕ್ರವಾರ ಬೆಳಿಗ್ಗೆ ಭಾಯಿಯ ಅಂಗಡಿಯಲ್ಲಿ ಇಳಿಸಿಕೊಂಡು, ಹತ್ತರ ಹೊತ್ತಿಗೆ ಶಾಲೆ ಸೇರಿ ಹಾಕಿದೆ. ಹಾಕಿದ ಕೂಡಲೇ ಅದು ಗೊಣಗಿತು. ಯಂತ್ರದ ಒಳಗಿನ ಒಂದು ಸ್ವಿಚ್ಚು ಆರಿದೆಯಂತೆ. ಅದನ್ನು ಹೊತ್ತಿಸಬೇಕೆಂದರೆ ಕಂಪ್ಯೂಟರ್ ಏಳುವ ಮೊದಲೇ ಒಂದು ಕೀಲಿ ಒತ್ತಿ ನೀಲಿ ಪರದೆಗೆ ಹೋಗಬೇಕು. ಹೆಡ್ ಮಾಸ್ತರರು ಗೋಡೆಯ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ನಿಂತರು, ಏನಾದರೂ ಆದರೆ ಆರಿಸಿಬಿಡಲು. ಏನೂ ಆಗಲಿಲ್ಲ. ಆಯ್ಕೆ ಮುಗಿಯಿತು, ಇದೇ ಎಂದು ಗಟ್ಟಿಮಾಡಿದೆ.

ಹಳೆಯ ವಿಂಡೋಸಿನ ಸಿ.ಡಿ. ಆಫೀಸಿನ ಟ್ರಂಕಿನಲ್ಲಿತ್ತು, ಅದನ್ನು ಹಾಕುವಾಗ ಕೇಳುವ ಸಂಖ್ಯೆ ಸತ್ತ ಡಬ್ಬಿಯ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿತ್ತು. ಇನ್ನು ಉಳಿದದ್ದು ಒಂದೇ ಪ್ರಶ್ನೆ, ಒಳಗಿನ ಕಂಪ್ಯೂಟರಿಗೆ ಎಷ್ಟು ಕೊಡಬೇಕು ಎಂಬುದು. ಹೊರಗಿನ ನಿಜವಾದ ಯಂತ್ರಕ್ಕೆ ‘ಹೋಸ್ಟ್’ ಎನ್ನುತ್ತಾರೆ, ಒಳಗಿನದಕ್ಕೆ ‘ಗೆಸ್ಟ್’ ಎನ್ನುತ್ತಾರೆ. ಓದುತ್ತ ಓದುತ್ತ ಅವು ನನ್ನ ತಲೆಯಲ್ಲಿ ಮನೆಯವರು ಮತ್ತು ಬೀಗರು ಆಗಿಬಿಟ್ಟಿದ್ದವು. ನಮ್ಮ ಯಂತ್ರದ ಒಟ್ಟು ನೆನಪು ನಾಲ್ಕು ಜಿ.ಬಿ. ಪರದೆಯ ಮೇಲೆ ಒಂದು ಗೆರೆ, ಅರ್ಧ ಹಸಿರು, ಮುಂದೆ ಕೆಂಪು. ಗೆರೆಯ ಮೇಲಿನ ಗುಂಡಿಯನ್ನು ಸರಿಸಿ ಬೀಗರಿಗೆ ಎಷ್ಟು ಎಂದು ಹೇಳಬೇಕು.

ಆ ವಾರವಷ್ಟೇ ನಮ್ಮ ಮನೆಗೆ ನಾದಿನಿಯ ಗಂಡನ ಮನೆಯವರು ಬಂದು ಹೋಗಿದ್ದರು. ಟ್ಯಾಂಕರ್ ಬಂದು ನಾಲ್ಕು ದಿನವಾಗಿತ್ತು. ಆದರೂ ಬೀಗರ ಸ್ನಾನಕ್ಕೆ ಕೊಡಗಳೇ ಹೋದವು, ನಾವು ಮನೆಯವರು ಮುಖ ಒರೆಸಿಕೊಂಡು ಕೂತಿದ್ದೆವು. ನಮ್ಮ ಕಡೆ ಅದು ಹಾಗೆಯೇ. ಬೀಗರ ಮುಂದೆ ಕೈ ಬಿಗಿ ಹಿಡಿದರೆ ಮಾನ ಹೋಗುತ್ತದೆ. ನಾನು ಎರಡನೆಯ ಯೋಚನೆ ಮಾಡದೆ ಗುಂಡಿಯನ್ನು ಹಸಿರು ದಾಟಿಸಿ, ಕೆಂಪಿನ ತುದಿಗೆ ಒಯ್ದೆ. ಮೂರೂವರೆ ಬೀಗರಿಗೆ, ಅರ್ಧ ಮನೆಯವರಿಗೆ. ಅದು ಒಂದು ಎಚ್ಚರಿಕೆ ಬರೆಯಿತು. ನಾನು ಅದನ್ನು ಓದದೆ ಆಗಲಿ ಎಂದು ಒತ್ತಿದೆ.

ಯಂತ್ರ ಉಸಿರು ಕಟ್ಟಿ ನಿಂತಿತು. ಬಾಣ ಅಲುಗಲಿಲ್ಲ, ಪರದೆ ಕದಲಲಿಲ್ಲ. ಆರಿಸಿ, ಹೊತ್ತಿಸಿ, ಮತ್ತೆ ಮಾಡಿದೆ. ಮತ್ತೆ ಅದೇ. ಒಂದಕ್ಕೆ ಕರೆಂಟು ಹೋಯಿತು. ಶನಿವಾರ ಅರ್ಧ ದಿನವೂ ಅದೇ ಪಾಡು. ಆ ಹಾಳು ಗುಂಡಿಯನ್ನು ಒಂದು ಸಲವೂ ಕೆಳಗೆ ಇಳಿಸಲಿಲ್ಲ, ನನ್ನ ಬುದ್ಧಿಗೆ ಅದು ಹೊಳೆಯಲೇ ಇಲ್ಲ. ತಂತ್ರಾಂಶವೇ ಸರಿಯಿಲ್ಲ, ಬಿಟ್ಟಿಯದು ಹೀಗೇ ಇರುತ್ತದೆ ಎಂದು ಬೈದೆ. ಭಾನುವಾರ ರಜೆ. ಅರ್ಜಿಗೆ ಮಂಗಳವಾರ ಕೊನೆ. ಭಾನುವಾರ ಮನೆಯಲ್ಲಿ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ, ಅಳು ಬಂದಂತಾಗಿ ಬಟ್ಟೆ ಮಡಚುತ್ತ ಕೂತೆ.

ಸೋಮವಾರ ಹತ್ತಕ್ಕೆ ಮುಂಚೆಯೇ ಆ ಹೆಣ್ಣುಮಗಳು ಆಫೀಸಿನ ಬೆಂಚಿನ ಮೇಲೆ ಕೂತಿದ್ದಳು. ನಾಳೆ ಬೆಳಿಗ್ಗೆ ಟೆಂಪೊ ಬರುತ್ತದೆ, ಗಂಡ ಗಂಟು ಕಟ್ಟುತ್ತಿದ್ದಾನೆ ಎಂದಳು. ಬೇಡಿಕೊಳ್ಳಲಿಲ್ಲ. ಸುಮ್ಮನೆ ನನ್ನ ಪರದೆಯನ್ನೇ ನೋಡುತ್ತಿದ್ದಳು. ಅದು ಎಂದಿನಂತೆ ನಿಂತುಬಿಟ್ಟಾಗ, ಯಾಕ ನಿಂತದರಿ ಎಂದು ಕೇಳಿದಳು. ಸಿಟ್ಟಿನಲ್ಲೇ ಇದ್ದ ನಾನು ಬಾಯಿಗೆ ಬಂದಂತೆ ಹೇಳಿದೆ.

“ಇದು ಮನಿ, ಒಳಗಿನದು ಬೀಗರು. ಬೀಗರಿಗೆ ಕೈ ಬಿಚ್ಚಿ ಕೊಟ್ಟೀನಿ. ನಾಕರಾಗ ಮೂರೂವರಿ ಕೊಟ್ಟೀನಿ. ಆದ್ರೂ ಏಳವಲ್ರು.”

ಅವಳು ಬೆಂಚಿನಿಂದಲೇ ಪರದೆಯ ಕಡೆ ಬಗ್ಗಿದಳು.

“ಬೀಗರು ಹಳೀ ಕಾಲದವರಲ್ರಿ ಅಕ್ಕೋರ?”

“ಹೌದು. ಹದಿನೈದು ವರ್ಷದ ಹಿಂದಿನವರು.”

“ಮುದುಕರು ಎಷ್ಟು ಉಣ್ತಾರ್ರಿ? ಒಂದು ಮುಟಗಿ ಹಾಕಿದ್ರ ಸಾಕು. ಉಳಿದದ್ದು ಮನಿಯವರಿಗೆ ಬಿಡ್ರಿ. ಬಡಸೋರ ಕೈಯಾಗ ತ್ರಾಣ ಇರಬೇಕಲ್ಲ.”

ನಾನು ಅವಳ ಮುಖ ನೋಡಿದೆ. ಆಮೇಲೆ ಪರದೆ ನೋಡಿದೆ. ನಗಬೇಕೋ ಹಣೆ ಬಡಿದುಕೊಳ್ಳಬೇಕೋ ತಿಳಿಯಲಿಲ್ಲ. ಒಳಗಿನ ಯಂತ್ರವನ್ನು ಎತ್ತಿ ನಡೆಸುವುದು ಹೊರಗಿನದೇ. ಅದನ್ನೇ ಉಪವಾಸ ಕೆಡವಿದರೆ ಬೀಗರನ್ನು ನೋಡಿಕೊಳ್ಳುವವರು ಯಾರು? ಗುಂಡಿಯನ್ನು ಹಿಡಿದು ಕೆಂಪಿನಿಂದ ಹಿಂದಕ್ಕೆ, ಹಸಿರಿನಲ್ಲಿ ಎಲ್ಲೋ ಎಡಗಡೆಗೆ ಎಳೆದೆ. ನಾಲ್ಕು ಜಿ.ಬಿ.ಯಲ್ಲಿ ಅರ್ಧ ಜಿ.ಬಿ. ಮಾತ್ರ ಒಳಗಿನವರಿಗೆ. ಒತ್ತಿದೆ. ಚೌಕ ಕಪ್ಪಾಯಿತು, ಮಿನುಗಿತು, ಹಳೆಯ ವಿಂಡೋಸಿನ ಸಿ.ಡಿ. ಕರಕರ ಓದಿಸಿಕೊಳ್ಳತೊಡಗಿತು. ಹನ್ನೊಂದೂವರೆಗೆ ಚೌಕದೊಳಗೆ ಒಂದು ಪೂರ್ತಿ ಕಂಪ್ಯೂಟರ್ ಎದ್ದು ಕೂತಿತ್ತು. ಅಂದೂ ಗೋಡೆಯ ಹತ್ತಿರವೇ ನಿಂತಿದ್ದ ಹೆಡ್ ಮಾಸ್ತರರು ಸ್ವಿಚ್ಚಿನಿಂದ ಕೈ ತೆಗೆದರು.

ಪೆನ್‌ಡ್ರೈವಿನಲ್ಲಿದ್ದ ಪ್ರೋಗ್ರಾಮನ್ನು ಒಳಕ್ಕೆ ಒಯ್ದು ತೆರೆದೆ. ತೆರೆಯಿತು. ಹೆಸರಿನಿಂದ ಹುಡುಕಿದರೆ ಆ ಹೆಸರಿನವರು ವರ್ಷಕ್ಕೆ ಐದಾರು ಮಂದಿ, ಆ ಕಾಲದಲ್ಲಿ ಮನೆಗೊಬ್ಬರಿಗೆ ಅದೇ ಹೆಸರು. ತಂದೆಯ ಹೆಸರಿನ ಜಾಗದಲ್ಲಿ ಬರೀ ಮೊದಲ ಅಕ್ಷರ. ಊರಿನಿಂದ ಹುಡುಕೋಣ ಎಂದು ಇಂಗ್ಲಿಷಿನಲ್ಲಿ ಚಿಂತಾಕಿ ಎಂದು ಟೈಪು ಮಾಡಿದೆ. ಯಾರೂ ಇಲ್ಲ ಎಂದಿತು. ಒಂದಕ್ಕೆ ಇನ್ನು ಇಪ್ಪತ್ತೈದು ನಿಮಿಷ ಇತ್ತು.

“ಇವರದು ಟೈಪ್ ಮಾಡೋದೇ ಬಿಟ್ಟಾರೇನೋ,” ಎಂದರು ಹೆಡ್ ಮಾಸ್ತರರು.

“ಇಲ್ರಿ ಸರ್,” ಎಂದಳು ಅವಳು. “ಆ ಗುಮಾಸ್ತರು ಉದಗೀರದವರು. ಅವರ ಮಾತು ಮರಾಠಿ ಗತೆ. ನನಗ ಯಾವಾಗಲೂ ‘ಚಿಂತ್ಕಿ’ ಅಂತಿದ್ರು. ಚಿಂತಾಕಿ ಅಂತ ಒಂದ ದಿನಾನೂ ಅನಲಿಲ್ಲ.”

ನಡುವಿನ ಅಕ್ಷರ ತೆಗೆದೆ. ಪರದೆ ಒಂದು ಸಲ ಕಣ್ಣು ಮಿಟುಕಿಸಿ ಹನ್ನೆರಡು ಹೆಸರುಗಳನ್ನು ಸಾಲಾಗಿ ನಿಲ್ಲಿಸಿತು. ಅವುಗಳಲ್ಲಿ ಅವಳ ಹೆಸರು ಎರಡು ಸಲ ಇತ್ತು.

ಒಮ್ಮೆ ಎಂಟನೆಯ ತರಗತಿಗೆ ಸೇರಿ, ಒಂಬತ್ತರ ಅರ್ಧಕ್ಕೆ ಬಿಟ್ಟದ್ದು. ಇನ್ನೊಮ್ಮೆ ಒಂದು ವರ್ಷ ಕಳೆದು ಮತ್ತೆ ಒಂಬತ್ತಕ್ಕೆ ಸೇರಿ, ಹತ್ತು ಪಾಸಾದದ್ದು. ಮೊದಲನೆಯ ಸಾಲಿನ ಕೊನೆಯಲ್ಲಿ ಶಾಲೆ ಬಿಟ್ಟ ಕಾರಣ ಎಂಬ ಖಾನೆ. ಅಲ್ಲಿ ಆ ಗುಮಾಸ್ತರು ಒಂದೇ ಪದ ಬರೆದಿದ್ದರು, ‘ಗುಳೆ’. ಅವಳು ಬೆಂಚಿನಿಂದ ಎದ್ದು ಬಂದು ಅದನ್ನು ಓದಿದಳು. ಇಂಗ್ಲಿಷ್ ಅಕ್ಷರಗಳಲ್ಲಿದ್ದುದನ್ನು ಬಿಡಿಸಿ ಬಿಡಿಸಿ ಓದಿದಳು.

“ಅವತ್ತೂ ಬರ ಇತ್ರಿ,” ಎಂದಳು. “ಒಂದು ವರ್ಷ ಹೈದರಾಬಾದ್‌ದಾಗ ಉಸುಕು ಹೊತ್ತೆ. ನಮ್ಮವ್ವ ಜಗಳಾಡಿ ವಾಪಸ್ ಕಳಿಸಿದ್ಳು.”

ಹೆಡ್ ಮಾಸ್ತರರು ಪರದೆಯ ಮುಂದೆ ಬಗ್ಗಿ ಎರಡೂ ಸಾಲು ಓದಿದರು. ದಾಖಲೆಯಿಲ್ಲದೆ ಸಹಿ ಮಾಡದ ಮನುಷ್ಯ ಆಗ ನನಗೆ ಅಚ್ಚರಿಯಾಗುವ ಮಾತು ಹೇಳಿದರು. “ನಡುವೆ ಒಂದು ವರ್ಷ ಖಾಲಿ ಅದ. ತಹಸೀಲಿನವರು ಕ್ಯಾತಿ ತೆಗೀಬಹುದು. ಎಂಟರಿಂದ ಹತ್ತರ ತನಕ ಓದ್ಯಾಳ ಅಂತ ಒಂದ ಸಾಲು ಬರೀರಿ, ಸಾಕು. ನಾ ಸಹಿ ಮಾಡ್ತೇನಿ.” ನಾನು ಹಾಗೆಯೇ ಬರೆಯಲು ಹೊರಟೆ. ಮನಸ್ಸಿನಲ್ಲಿ ಅವರಿಗೆ ಕೈ ಮುಗಿದೆ ಕೂಡ.

“ಬ್ಯಾಡ್ರಿ ಸರ್,” ಎಂದಳು ಅವಳು. “ಇದ್ದದ್ದು ಇದ್ದಾಂಗ ಬರೀರಿ. ಆ ವರ್ಷ ಎಲ್ಲಿದ್ದಿ ಅಂತ ಕೇಳಿದ್ರ ನಾನ ಹೇಳ್ತೇನಿ. ಸುಳ್ಳು ಕಾಗದ ತಗೊಂಡು ಉಳಿದ್ರ ದಿನಾ ಅಂಜಬೇಕಾಗ್ತದ.”

ಎರಡು ಸಾಲಾಗಿಯೇ ಬರೆದೆ. ಕರೆಂಟು ಹೋಗಲು ನಾಲ್ಕು ನಿಮಿಷ ಇರುವಾಗ ಪತ್ರ ಪ್ರಿಂಟರಿನಿಂದ ಹೊರಗೆ ಬಂತು. ಅದನ್ನು ಹಿಡಿದು ಅವಳು ಅಂದೇ ತಹಸೀಲ್ ಕಚೇರಿಗೆ ಹೋದಳು. ಅಲ್ಲಿ ಆ ಒಂದು ವರ್ಷವನ್ನು ಕೇಳಿದರಂತೆ, ಇವಳು ಹೇಳಿದಳಂತೆ, ಉಳಿದ ವರ್ಷಗಳೇ ಸಾಕು ಎಂದು ಅಂದೇ ಪ್ರಮಾಣಪತ್ರ ಕೊಟ್ಟರಂತೆ. ಮಂಗಳವಾರ ಬೀದರಿನಲ್ಲಿ ಅರ್ಜಿ ಹಾಕಿದಳು. ಅದೇ ಬೆಳಿಗ್ಗೆ ಜನವಾಡದಿಂದ ಟೆಂಪೊ ಅವಳ ಗಂಡನನ್ನೂ ಅವನ ಅಣ್ಣತಮ್ಮಂದಿರನ್ನೂ ಹೊತ್ತು ಹೋಗಿತ್ತು. ಅವಳೂ ಮಗಳೂ ಹತ್ತಿರಲಿಲ್ಲ.

ನಾನು ಆ ವಾರವೆಲ್ಲ ನೆಮ್ಮದಿಯಾಗಿರಬೇಕಿತ್ತು. ಇರಲಿಲ್ಲ. ಟಿ.ಸಿ. ಪುಸ್ತಕ ತೆಗೆದು ಆ ಚಳಿಗಾಲದಲ್ಲಿ ನಾನು ಬರೆದವನ್ನು ನೋಡುತ್ತ ಹೋದೆ. ಎಲ್ಲದರಲ್ಲೂ ಒಂದೇ ಕಾರಣ, ‘ಪಾಲಕರ ಕೋರಿಕೆಯ ಮೇರೆಗೆ’. ಸರಕಾರಿ ಕಾಗದಕ್ಕೆ ಒಪ್ಪುವ ಮಾತು, ಯಾರೂ ಏನೂ ಕೇಳದ ಮಾತು. ಯಾವ ಪಾಲಕರು ಕೋರಿದ್ದರು? ನೀರಿಲ್ಲದೆ, ಕೆಲಸವಿಲ್ಲದೆ ಮಕ್ಕಳ ಕೈ ಹಿಡಿದು ಹೋದವರನ್ನು ನಾನು ಕೋರಿದವರನ್ನಾಗಿ ಮಾಡಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಮುಂದಿನ ಟಿ.ಸಿ.ಯಿಂದ ನಾನೂ ಗುಳೆ ಎಂದೇ ಬರೆಯತೊಡಗಿದೆ. ತಪಾಸಣೆಗೆ ಬಂದವರು ಕೇಳುತ್ತಾರೆ ಎಂದು ಹೆಡ್ ಮಾಸ್ತರರು ತಕರಾರು ತೆಗೆದರು. ಕೇಳಲಿ ಬಿಡ್ರಿ ಸರ್, ಅದಕ್ಕೇ ಬರೆಯುತ್ತಿದ್ದೇನೆ ಎಂದೆ. ಅವರು ಕನ್ನಡಕ ಒರೆಸಿಕೊಂಡು ಸಹಿ ಮಾಡಿದರು.

ನೇಮಕದ ಪಟ್ಟಿ ಬರಲು ಒಂದು ವರ್ಷದ ಮೇಲಾಯಿತು. ಅಲ್ಲಿಯ ತನಕ ಅವಳು ಬೀದರಿನ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದು ಮಗಳನ್ನು ಶಾಲೆಗೆ ಕಳಿಸಿದಳು. ಗಂಡ ಎರಡು ಸಲ ಕರೆಯಲು ಬಂದು ಹೋದ. ಪಟ್ಟಿಯಲ್ಲಿ ಹೆಸರು ಬಂತು, ಭಾಲ್ಕಿಯ ಹೆಣ್ಣುಮಕ್ಕಳ ಹಾಸ್ಟೆಲಿಗೇ ಹಾಕಿದರು. ಈ ನಡುವೆ ಆ ಮೂರು ಪುಸ್ತಕಗಳ ಕಾಲದವರು ಒಬ್ಬೊಬ್ಬರಾಗಿ ನನ್ನಲ್ಲಿಗೆ ಬಂದರು. ಮೂವತ್ತು ದಿನ ದಾಟಿ ಎಷ್ಟೋ ತಿಂಗಳಾಗಿತ್ತು, ಚೌಕ ತೆರೆಯುತ್ತಲೇ ಇತ್ತು.

ಅದರ ಮುಂದಿನ ಜೂನಿನಲ್ಲಿ, ಒಂದು ಒಳ್ಳೆಯ ಮಳೆ ಬಿದ್ದ ಮರುದಿನ, ಅವಳು ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಕರೆದುಕೊಂಡು ಬಂದಳು. ಹುಡುಗಿ ತಾಯಿಗಿಂತ ಎತ್ತರ ಬೆಳೆದಿದ್ದಳು. ನಾನು ದಾಖಲಾತಿ ಪುಸ್ತಕ ಬಿಚ್ಚಿ ಹೆಸರು, ಊರು, ಹುಟ್ಟಿದ ದಿನ ಬರೆದೆ. ಊರನ್ನು ತಪ್ಪಿಲ್ಲದಂತೆ ಎರಡು ಸಲ ಕೇಳಿ ಬರೆದೆ. ಅವಳು ಮೇಜಿನ ಆಚೆಯಿಂದ ಬಗ್ಗಿ ನೋಡುತ್ತಿದ್ದಳು. ಸಾಲಿನ ಕೊನೆಯ ಖಾನೆಗೆ ಬಂದಾಗ ಅದರ ಮೇಲೆ ಬೆರಳಿಟ್ಟಳು.

“ಇಲ್ಲೇನು ಬರೀತೀರಿ ಅಕ್ಕೋರ?”

“ಈಗ ಏನೂ ಬರಿಯಂಗಿಲ್ಲ. ಸಾಲಿ ಬಿಡುವಾಗ ಬರಿಯೋದು.”

ಅವಳು ಬೆರಳು ತೆಗೆಯಲಿಲ್ಲ.

“ಹತ್ತನೇತ್ತ ಪಾಸ್ ಅಂತ ಈಗಲೇ ಪೆನ್ಸಿಲಿನಾಗ ಬರೆದಿಡ್ರಿ,” ಎಂದಳು.

ದಾಖಲಾತಿ ಪುಸ್ತಕದಲ್ಲಿ ಪೆನ್ಸಿಲ್ ಹಚ್ಚುವುದು ತಪ್ಪು. ಹೆಡ್ ಮಾಸ್ತರರು ಎದುರಿಗೇ ಕೂತಿದ್ದರು. ನಾನು ಅವರ ಕಡೆ ನೋಡದೆ ಪೆನ್ಸಿಲ್ ತೆಗೆದುಕೊಂಡು ಬರೆದೆ.